ಯಾರೂ ತರಿಸದ ಪೇಪರು

ಆ ಪ್ರಕಟಣೆಯನ್ನು ಪೂರ್ತಿ ಓದಿದವನು ನಾನೋ ಅಲ್ಲವೋ, ಖಚಿತವಾಗಿ ಹೇಳಲಾರೆ. ಇಷ್ಟು ವರ್ಷ ನಾನೇ ಎಂದು ಹೇಳಿಕೊಂಡು ಬಂದಿದ್ದೇನೆ. ಹೇಳಿದಾಗಲೆಲ್ಲ ಒಂದೊಂದು ವಿವರ ಹೊಸದಾಗಿ ಸೇರಿಕೊಂಡಿರುವುದೂ ನನಗೆ ಗೊತ್ತಿದೆ.

ಎಂ.ಎ. ಮುಗಿಸಿ ಕೆಲಸವಿಲ್ಲದೆ ಇದ್ದ ದಿನಗಳು. ಮನೆಯಲ್ಲಿ ಕೂರಲಾಗದೆ ಸಿ.ವಿ. ರಾಮನ್ ನಗರದ ಗ್ರಂಥಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿಯೂ ಕೂರುತ್ತಿರಲಿಲ್ಲ, ಎರಡು ಪುಟ ಓದುವುದು, ಟೀ ಕುಡಿದು ಬರುವುದು, ಬೇರೆ ಪುಸ್ತಕ ತೆಗೆಯುವುದು. ಉದ್ದ ಮೇಜಿನ ಒಂದು ಕಡೆ ಸರ್ಕಾರಿ ಪರೀಕ್ಷೆಗೆ ಓದುವವರು, ಇನ್ನೊಂದು ಕಡೆ ತಮಿಳು ಪೇಪರಿಗೆ ಸರದಿ ಕಾಯುವ ನಿವೃತ್ತರು.

ಹನ್ನೊಂದರ ಹೊತ್ತಿಗೆ ದೊಡ್ಡನೆಕ್ಕುಂದಿಯಿಂದ ಒಬ್ಬ ಹೆಂಗಸು ಬರುತ್ತಿದ್ದರು. ಅರವತ್ತರ ಆಸುಪಾಸು, ಓದು ಬರದು. ಅವರಿಗೆ ಬೇಕಾಗಿದ್ದದ್ದು ಯಾವ ಮನೆಗೂ ಬಾರದ, ಅಂಗಡಿಯಲ್ಲೂ ಸಿಗದ ಒಂದು ಸಣ್ಣ ಪತ್ರಿಕೆ. ಇದನ್ನು ಯಾಕೆ ತರಿಸುತ್ತೀರಿ ಎಂದು ನಾನೊಮ್ಮೆ ಗ್ರಂಥಪಾಲಕರನ್ನು ಕೇಳಿದ್ದೆ. ಬಾಗಲಕೋಟೆ ಕಡೆಯವರು. "ಯಾರರ ಬಂದು ಕೇಳಿದ್ರ ಇಲ್ಲ ಅನಬಾರ್ದಲ್ರಿ ಸರ" ಅಂದಿದ್ದರು.

ಆಕೆಯ ಅಣ್ಣ ಅಪ್ಪನ ಹೊಲವನ್ನು ತಂಗಿಗೆ ತಿಳಿಸದೆ ಮಾರಲು ಹೊರಟಿದ್ದ. ಕೊಳ್ಳುವವರ ಲಾಯರು ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ತಕರಾರಿದ್ದವರು ಏಳು ದಿನದೊಳಗೆ ತಿಳಿಸಬೇಕು. ಸುಮ್ಮನಿದ್ದರೆ ರಿಜಿಸ್ಟ್ರೇಷನ್ ಆಗಿಬಿಡುತ್ತದೆ, ಆಮೇಲೆ ವರ್ಷಗಟ್ಟಲೆ ಕೋರ್ಟು.

"ಎಲ್ರೂ ಓದೋ ಪೇಪರ್‌ನಲ್ಲಿ ಹಾಕ್ಸ್ತಾರಾ ಕಳ್ರು? ಓದಪ್ಪ, ಅಷ್ಟೊಂದು ಓದ್ಕೊಂಡಿದ್ದೀಯ, ಇಷ್ಟಕ್ಕೇ ಸುಸ್ತಾ?"

"ನಿಮ್ಮ ಸರ್ವೆ ನಂಬರು ಎಷ್ಟಮ್ಮ?"

"ನಂಬರು ಗಿಂಬರು ನಂಗೊತ್ತಿಲ್ಲ. ಪತ್ರ ಎಲ್ಲ ಅಣ್ಣನ ಬೀರೂಲಿ. ನಾವು ಹೊಂಗೆಮರದ ಹೊಲ ಅಂತೀವಿ."

ಹಾಗಾಗಿ ಅವರ ಊರಿನ ಪ್ರಕಟಣೆಗಳನ್ನೆಲ್ಲ ಓದುತ್ತಿದ್ದೆ. ಪ್ರತಿಯೊಂದರ ಕೊನೆಗೂ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೂ ಏನೇನಿದೆ, ಯಾರ ಜಮೀನಿದೆ ಎಂಬ ವಿವರ. ಮೊದಲ ವಾರ ಅದನ್ನೂ ಓದಿದೆ. ಆಮೇಲೆ ಬೇಸರವಾಗಿ ಬಿಡತೊಡಗಿದೆ. ಮಾರುವವರ ಹೆಸರು ಕೇಳಿದೊಡನೆ ಅವರೇ "ನಮ್ದಲ್ಲ ಬಿಡು" ಅನ್ನುತ್ತಿದ್ದರು. ಅಣ್ಣ ಬೇರೆ ಯಾರಿಗೋ ಅಧಿಕಾರಪತ್ರ ಬರೆದುಕೊಟ್ಟು, ಅವನ ಹೆಸರಲ್ಲಿ ಮಾರಿಸಬಹುದೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ನನ್ನ ನೆನಪಿನಲ್ಲಿ, ಒಂದು ದಿನ ನನಗೇ ಅನುಮಾನ ಬಂದು ಆ ವಾರದ ಪೇಪರುಗಳನ್ನೆಲ್ಲ ಮತ್ತೆ ತೆಗೆದೆ, ಚಕ್ಕುಬಂದಿ ಸಮೇತ ಓದಿದೆ. "ಪೂರ್ವಕ್ಕೆ ಕೆರೆ ಏರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಕಲ್ಲುಕಟ್ಟಡದ ಬಾವಿ" ಎನ್ನುವಾಗ ಅವರು ಎದ್ದು ನಿಂತರು.

"ಆ ಬಾವೀಲಿ ನೀರು ಸೇದಿದೋಳು ಕಣಪ್ಪ ನಾನು. ಇದೇ ನಮ್ಮ ಹೊಲ!"

ಕಳೆದ ತಿಂಗಳು ಆ ಗ್ರಂಥಪಾಲಕರು ಸಿಕ್ಕರು. ಈಗ ಹಲಸೂರಿನ ಶಾಖೆಯಲ್ಲಿದ್ದಾರೆ. ಹಳೆಯ ಮಾತು ಬಂದಾಗ ನಾನು ಓದಿದ್ದನ್ನು ನೆನಪಿಸಿದೆ. ಅವರು ನಕ್ಕುಬಿಟ್ಟರು.

"ನೀವೆಲ್ಲಿದ್ರಿ ಸರ ಅವತ್ತು? ಚಾ ಕುಡಿಯಾಕ ಹ್ವಾದವ್ರು ಹೊಳ್ಳಿ ಬಂದಿದ್ದು ಮಧ್ಯಾಹ್ನಕ್ಕ. ಆ ಅಮ್ಮಾರು ನನ್ನ ಕಡೆ ಬಂದು, 'ಆ ಹುಡುಗ ಅರ್ಧ ನುಂಗ್ತಾನೆ, ಈ ವಾರದ್ದೆಲ್ಲ ನೀವು ಇನ್ನೊಂದ್ಸಲ ಓದಿ' ಅಂದ್ರು. ಓದಿದಾಂವ ನಾನು."

"ನಾನೇ ಓದಿದ ಹಾಗೆ ನೆನಪು."

"ಇರ್ಲಿ ಬಿಡ್ರಿ. ನೀವ ಓದಿದ್ರೇನು, ನಾ ಓದಿದ್ರೇನು?"

ನನಗೆ ಹಾಗೆ ಬಿಡಲಾಗಲಿಲ್ಲ. ಅವರು ಹೇಳಿದ್ದು ನಿಜವಾದರೆ, ಅದೇ ಪ್ರಕಟಣೆಯನ್ನು ಐದು ದಿನ ಮೊದಲೇ ಓದಿ, ಆ ಅಮ್ಮನ ಹೊಲ ಇರುವ ಸಾಲುಗಳನ್ನೇ ಹಾರಿಸಿದವನಷ್ಟೇ ನಾನು. ಅದರಲ್ಲಿ ನನಗೀಗ ಹೆಚ್ಚು ನಂಬಿಕೆ. ಬಾವಿಯ ಮಾತನ್ನು ನಾನು ಆಮೇಲೆ ಆ ಅಮ್ಮನ ಬಾಯಲ್ಲೇ ಕೇಳಿರಬೇಕು.

ತಕರಾರು ಸಲ್ಲಿಸಲು ಆಗ ಉಳಿದಿದ್ದು ಎರಡು ದಿನ. ಪುಟದ ಜೆರಾಕ್ಸ್ ಹಿಡಿದು, ನಾನೂ ಆ ಅಮ್ಮನೂ ಶಿವಾಜಿನಗರದ ಒಬ್ಬ ಲಾಯರ ಬಳಿಗೆ ನನ್ನ ಬೈಕಿನಲ್ಲೇ ಹೋದೆವು. ಇದಕ್ಕೆ ಗ್ರಂಥಪಾಲಕರ ತಕರಾರಿಲ್ಲ. ಹಲಸೂರು ಕೆರೆ ಪಕ್ಕದ ಸಿಗ್ನಲ್ಲಿನಲ್ಲಿ, ಕಾಗದ ಹಾರದಂತೆ ಅವರು ಸೆರಗಿನೊಳಗೆ ಒತ್ತಿ ಹಿಡಿದಿದ್ದು ಕನ್ನಡಿಯಲ್ಲಿ ಕಂಡಿತ್ತು. ತಕರಾರು ಅರ್ಜಿ ಅಂದೇ ಹೋಯಿತು. ಮುಂದಿನ ತಿಂಗಳು ನನಗೆ ಕೆಲಸ ಸಿಕ್ಕಿತು. ಏನಾಯಿತೆಂದು ಕೇಳಲೂ ಹೋಗಲಿಲ್ಲ.

ಆ ಪುಟದ ಇನ್ನೊಂದು ಜೆರಾಕ್ಸ್ ಗ್ರಂಥಪಾಲಕರ ಹಳೆಯ ಫೈಲಿನಲ್ಲಿತ್ತು; ಕಳೆದ ತಿಂಗಳು ಸಿಕ್ಕಾಗ ಅದನ್ನು ತೋರಿಸಿದರು. ಸರ್ವೆ ನಂಬರು ಬರೆದುಕೊಂಡು ಬಂದು ಅಂದು ಸಂಜೆ ಮೊಬೈಲಿನಲ್ಲಿ ಪಹಣಿ ತೆಗೆದು ನೋಡಿದೆ. ಮಾಲೀಕರ ಕಾಲಮ್ಮಿನಲ್ಲಿ ಅಣ್ಣನ ಹೆಸರಿದೆ. ಅದರ ಕೆಳಗೆ, ಜಂಟಿ ಎಂದು, ಆಕೆಯ ಹೆಸರೂ ಇದೆ.