ಕಾಲುಂಗುರ ಚುಚ್ಚಿತು

ಎಡಗಾಲಿನ ಚಪ್ಪಲಿ ಕಾಯಿಪಲ್ಲೆ ಮಾರ್ಕೆಟ್‌ನಲ್ಲೇ ಉಳಿದಿತ್ತು. ಸದಾಶಿವ ಪೇಠೆಯ ಮನೆಯವರೆಗೆ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದೆ. ಗೊತ್ತೇ ಆಗಿರಲಿಲ್ಲ.

"ಅತ್ತಿ, ಇನ್ನೊಂದ್ ಚಪ್ಪಲಿ ಯಾರಿಗ್ ದಾನಾ ಮಾಡಿ ಬಂದ್ರಿ?" ಎಂದು ಸೊಸೆ ಸವಿತಾ ನಕ್ಕಳು. ನಾನೂ ನಕ್ಕೆ.

ಬೆನ್ನು ತಿಂಗಳುಗಳಿಂದ ನೋಯುತ್ತಿತ್ತು. ಮಲಗಿದರೆ ಇನ್ನೂ ಜಾಸ್ತಿ. ರೊಟ್ಟಿ ಬಡಿಯುವ ಬೆನ್ನು, ನೋಯದೆ ಇರುತ್ತದೆಯೇ ಎಂದು ಎಣ್ಣೆ ತಿಕ್ಕಿಸಿಕೊಂಡೆ. ಕಾಲು ಜೋಮು ಹಿಡಿದದ್ದನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಒಲೆ ಮುಂದಿನಿಂದ ಎಬ್ಬಿಸುತ್ತಾರಲ್ಲ! ಶುದ್ಧ ದಡ್ಡತನ.

ಸವಿತಾ ಬಿಡಲಿಲ್ಲ, ಆಸ್ಪತ್ರೆಗೆ ಎಳೆದೊಯ್ದಳು. ಎಂಆರ್‌ಐಗೆ ಮೈಮೇಲಿನ ಲೋಹವೆಲ್ಲ ತೆಗೆಯಬೇಕಂತೆ. ಗಂಡ ಎದುರಿಗೇ ಕುಂತಿರುವಾಗ ತಾಳಿ, ಕಾಲುಂಗುರ ಹೇಗೆ ತೆಗೆಯಲಿ?

"ತಗೀ, ನಾ ಏನ್ ಇಷ್ಟಕ್ಕ ಸಾಯಂಗಿಲ್ಲ" ಎಂದರು ಯಜಮಾನರು.

ತಾಳಿ ತೆಗೆದು ಅವರ ಕೈಗೇ ಕೊಟ್ಟೆ. ಕಾಲುಂಗುರ ಸೋಪು ಹಚ್ಚಿದರೂ ಜಗ್ಗಲಿಲ್ಲ. ಮದುವೆಯಲ್ಲಿ ತೊಡಿಸಿದ್ದು, ಒಮ್ಮೆಯೂ ತೆಗೆದಿರಲಿಲ್ಲ. ಕಡೆಗೆ ನರ್ಸ್ ಕತ್ತರಿಸಿದಳು. ಎಡಗಾಲಿನದು ಮಾಂಸದೊಳಗೆ ಇಳಿದು ಕೀವಾಗಿತ್ತು.

ನನಗೆ ನೋವೇ ಆಗಿರಲಿಲ್ಲ.

ಆಗ ಹೆದರಿದೆ.

ಬೆನ್ನುಹುರಿಯನ್ನು ಟ್ಯೂಮರ್ ಒತ್ತುತ್ತಿತ್ತು. ತಡಮಾಡಿದರೆ ಎರಡೂ ಕಾಲು ಹೋಗುತ್ತವೆ, ಸರ್ಜರಿ ಮಾಡಿದರೂ ಸ್ಪರ್ಶ ಎಷ್ಟು ಮರಳುತ್ತದೋ ಹೇಳಲಾಗದು ಎಂದು ಡಾಕ್ಟರ್ ಮರಾಠಿಯಲ್ಲಿ ತಿಳಿಸಿದರು. ಸಿಹಿಮಾತು ಆಡಲಿಲ್ಲ. ಅದಕ್ಕೇ ನಂಬಿದೆ.

ಗಡ್ಡೆ ತೆಗೆದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂತು. ಮನೆಯವರು ಪೇಢೆ ಹಂಚಿದರು. ನನಗೆ ಪೇಢೆ ಯಾಕೆ, ಕಾಲು ಬೇಕಿತ್ತು! ಫಿಸಿಯೋಥೆರಪಿಯವಳು ದಿನಾ ಕಣ್ಣು ಮುಚ್ಚಿಸಿ ಬೆರಳು ಮುಟ್ಟುತ್ತಿದ್ದಳು. "ಯಾವ ಬೆರಳು, ಆಜಿ?" ಎನ್ನುವಳು. ನಾನು ದಿನಾ ತಪ್ಪು ಹೇಳುತ್ತಿದ್ದೆ. ವಾಕರ್ ಹಿಡಿದು ನಿಂತೆ, ಆಮೇಲೆ ನಾಲ್ಕು ಹೆಜ್ಜೆ ಇಟ್ಟೆ. ಆದರೆ ಎಡಗಾಲ ಕೆಳಗೆ ನೆಲವೇ ಇಲ್ಲದಂತೆ ಇತ್ತು.

ಬೆರಳಿನ ಹುಣ್ಣು ಮಾಯಿತು. ಮೊನ್ನೆ ಯಜಮಾನರು ಹೊಸ ಕಾಲುಂಗುರ ತಂದರು. ನೆಲದ ಮೇಲೆ ಕುಳಿತು, ನನ್ನ ಪಾದ ತೊಡೆಯ ಮೇಲಿಟ್ಟುಕೊಂಡು ಎಡಗಾಲಿನ ಬೆರಳಿಗೆ ತೊಡಿಸಿ ಒತ್ತಿದರು.

"ಅಯ್ಯಯ್ಯ! ಚುಚ್ಚಿದ್ರಲ್ರೀ! ಕಣ್ ಕಾಣಂಗಿಲ್ಲೇನು?"

ಅವರು ತಲೆ ಎತ್ತಿದರು. ನನಗೂ ಆಗಲೇ ಹೊಳೆದದ್ದು.

"ಇನ್ನೊಮ್ಮೆ ಬೈ" ಎಂದರು.

ಬೈದೆ. ಮನಸಾರೆ ಬೈದೆ! ಸವಿತಾ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. "ಚುಚ್ಚೇದ, ಸವಿತಾ! ನನ್ ಕಾಲಿಗಿ ಚುಚ್ಚೇದ!"

ವಾಕರ್ ಇನ್ನೂ ಬೇಕು. ರೊಟ್ಟಿಗೆ ಕುರ್ಚಿ ಬೇಕು. ಇರಲಿ. ಉಂಗುರ ಸಡಿಲ ಮಾಡಿಸಿ ತರಲೇ ಎಂದು ಯಜಮಾನರು ದಿನಾ ಕೇಳುತ್ತಾರೆ.

ಬೇಡ ಎಂದಿದ್ದೇನೆ. ಇನ್ನೆರಡು ದಿನ ಚುಚ್ಚಲಿ.