ಬಾಗಿಲು ಹೊರಟ ದಿನ

ನಾನು ಹೈಸ್ಕೂಲಿನಲ್ಲಿದ್ದದ್ದು ಎಪ್ಪತ್ತರ ದಶಕದಲ್ಲಿ. ನಮ್ಮ ಶಾಲೆಯ ನಾಟಕಗಳಲ್ಲಿ ಬಾಗಿಲೆಂದರೆ ಬಣ್ಣ ಬಳಿದ ಬಟ್ಟೆ. ಯಾರಾದರೂ ತಟ್ಟಿದರೆ ಗೋಡೆಯೇ ಅಲ್ಲಾಡಿ ಸಭೆ ಗೊಳ್ಳೆಂದು ನಗುತ್ತಿತ್ತು. ಆ ವರ್ಷ ಬಾಗಿಲು ತೆರೆದು ಬರುವ ಯಜಮಾನಿಯ ಪಾತ್ರ ನನಗೆ ಸಿಕ್ಕಿತ್ತು. ಹಿಂದಿನ ಎರಡು ನಾಟಕಗಳಿಗೂ ಏನಾದರೊಂದು ಅಡ್ಡ ಬಂದು ಅಮ್ಮ ಬಂದಿರಲಿಲ್ಲ. ಈ ಸಲ ಬಂದೇ ಬರುತ್ತೇನೆಂದು ಮಾತು ಕೊಟ್ಟಿದ್ದಳು. ಅವಳೆದುರು ಜನ ನಗುವುದು ನನಗೆ ಸುತರಾಂ ಬೇಕಿರಲಿಲ್ಲ. "ನಮ್ಮನೆ ಬಾಗಿಲೇ ಕೊಡ್ತೀನಿ ಸಾರ್" ಎಂದು ಡ್ರಾಯಿಂಗ್ ಮೇಷ್ಟ್ರಿಗೆ ಹೇಳಿಬಿಟ್ಟೆ.

ನಾಟಕದ ದಿನ ಬೆಳಿಗ್ಗೆ ಮೇಷ್ಟ್ರು ಮರದ ಡಿಪೋದಿಂದ ರಂಗ ಕಟ್ಟಲು ಸರ್ವೆ ಕಂಬ, ಹಲಗೆ, ಹಗ್ಗ ಎಲ್ಲ ಕೈಗಾಡಿಗೆ ಹೇರಿಸಿಕೊಂಡು ವೈಯಾಲಿಕಾವಲಿನ ನಮ್ಮ ವಠಾರಕ್ಕೆ ಬಂದರು. ಅಪ್ಪ ಮಿಲ್ಲಿಗೆ ಹೋಗಿಯಾಗಿತ್ತು. ಅಮ್ಮ ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ತಗೊಂಡ್ಹೋಗಿ ಮೇಷ್ಟ್ರೇ, ಸಂಜೆ ತಂದ್ಬಿಡಿ" ಎಂದಳು. ಮೇಷ್ಟ್ರು ಕೀಲಿನ ತಿರುಪುಗಳನ್ನು ಬಿಚ್ಚಿದರು.

ಹಲಗೆಗಳ ಮೇಲೆ ಅಂಗಾತ ಮಲಗಿ ನಮ್ಮ ಬಾಗಿಲು ಮಲ್ಲೇಶ್ವರದ ಕಡೆ ಹೊರಟಿತು. ಅದರ ಅಂಚು ಹಿಡಿದು ನಾನು ಹಿಂದೆ ನಡೆದೆ. ಹೊಸದಾಗಿ ಕೊಯ್ದ ಮರದ ವಾಸನೆ. ಮರಗಳ ನೆರಳು ಬಾಗಿಲ ಮೇಲೆ ಮೆಲ್ಲಗೆ ಹರಿಯುತ್ತ, ಚಿಲಕದ ಹತ್ತಿರ ಒಮ್ಮೆ ಬಿಸಿಲಾಗಿ, ಮತ್ತೆ ನೆರಳಾಗುತ್ತಿತ್ತು. ಗಾಡಿ ಕುಲುಕಿದಾಗಲೆಲ್ಲ ಚಿಲಕ ಟಕ್ಕೆನ್ನುತ್ತಿತ್ತು, ಒಳಗಿನಿಂದ ಯಾರೋ ತಟ್ಟಿದ ಹಾಗೆ. ಈಗ ಇದನ್ನು ತೆರೆದರೆ ರಸ್ತೆಯ ಕೆಳಗೆ ನಮ್ಮ ನಡುಮನೆಯೇ ಇರುತ್ತದೆ, ಅಲ್ಲಿ ಅಮ್ಮ ಹೂ ಕಟ್ಟುತ್ತ ಕೂತಿರುತ್ತಾಳೆ ಎಂದು ನನಗೆ ನಿಜವಾಗಿಯೂ ಅನ್ನಿಸಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವರೊಬ್ಬರು, "ಏನಮ್ಮಾ, ಮನೆ ಖಾಲಿ ಮಾಡ್ತಿದೀರಾ?" ಎಂದು ಕೇಳಿದರು. "ಇಲ್ಲ, ನಾಟಕಕ್ಕೆ!" ಎಂದೆ. ಅಷ್ಟು ಜಂಬ ನನಗೆ ಆಮೇಲೆ ಯಾವತ್ತೂ ಬಂದಿಲ್ಲ. ಆ ದಾರಿ ಮುಗಿಯದಿದ್ದರೂ ನನಗೇನೂ ಬೇಸರವಾಗುತ್ತಿರಲಿಲ್ಲ.

ಮಧ್ಯಾಹ್ನದ ನಾಟಕದಲ್ಲಿ ಬಾಗಿಲು ಗಂಭೀರವಾಗಿ ತೆರೆದುಕೊಂಡಿತು. ಯಾರೂ ನಗಲಿಲ್ಲ, ಚಪ್ಪಾಳೆಯೇ ಬಿತ್ತು. ನಾನು ಹೆಂಗಸರ ಕಡೆ ಅಮ್ಮನ ಮುಖ ಹುಡುಕಿದೆ. ಕಾಣಲಿಲ್ಲ. ಮತ್ತೆ ಮಾತಿಗೆ ತಪ್ಪಿದಳು ಎಂದು ಸಿಟ್ಟು ನೆತ್ತಿಗೇರಿತು. ಯಜಮಾನಿಯ ಮಾತುಗಳನ್ನೆಲ್ಲ ಗದರುತ್ತಲೇ ಒಪ್ಪಿಸಿದೆ. ಅದೂ ಪಾತ್ರಕ್ಕೆ ಸರಿಹೋಯಿತಂತೆ.

ದೀಪ ಹಚ್ಚುವ ಹೊತ್ತಿಗೆ ಗಾಡಿ ವಠಾರಕ್ಕೆ ಮರಳಿತು. ಬರೀ ಚೌಕಟ್ಟಿನ ಹಿಂದೆ, ಹೊಸಿಲಿನಿಂದ ಒಂದಿಷ್ಟು ಒಳಗೆ ಮಣೆ ಹಾಕಿಕೊಂಡು ಅಮ್ಮ ಕೂತಿದ್ದಳು. ರೇಷ್ಮೆ ಸೀರೆ ಉಟ್ಟಿದ್ದಳು. ಮುಡಿದ ಮಲ್ಲಿಗೆ ಬಾಡಿತ್ತು. ಬಾಗಿಲಿಲ್ಲದ ಮನೆಗೆ ಬೀಗ ಹಾಕುವುದಾದರೂ ಹೇಗೆ? ನನಗದು ಹೊಳೆದದ್ದು ಆಗ.

ನಾಚಿಕೆಯಾಯಿತು. ನಾಚಿಕೆಯಾದಾಗ ನನಗೆ ಬರುವುದು ಕೋಪ. "ಪಕ್ಕದ್ಮನೆಯೋರನ್ನ ಯಾರನ್ನಾದ್ರೂ ಕೂರಿಸಿ ಬರಬಾರ್ದಿತ್ತಾ?" ಎಂದು ಅವಳ ಮೇಲೇ ರೇಗಿದೆ.

"ಯಾರನ್ನೇ ಕೂರಿಸ್ಲಿ?" ಎಂದಳು ಅಮ್ಮ. "ವಠಾರದೋರೆಲ್ಲ ನಿನ್ನ ನಾಟಕ ನೋಡಕ್ಕೆ ಹೋಗಿದ್ರಲ್ಲ."