ಅಕ್ಕಂದಿರಲ್ಲ, ಅಕ್ಕಗಳು

ಅಚ್ಚುಮನೆಯಲ್ಲಿ ಕರಡು ತಿದ್ದುವ ಆಕೆಯನ್ನು ಎಲ್ಲರೂ ‘ಕೆಂಪು ಪೆನ್ನಮ್ಮ’ ಎಂದೇ ಕರೆಯುತ್ತಿದ್ದರು. ಕಾಗದ ಕತ್ತರಿಸುವ ಯಂತ್ರದ ಪಕ್ಕದ ಮೂಲೆಯಲ್ಲಿ ಇಪ್ಪತ್ತೆರಡು ವರ್ಷ ಕೂತು, ‘ಜನಗಳು’ ಇದ್ದಲ್ಲಿ ‘ಜನರು’, ‘ಮಕ್ಕಳುಗಳು’ ಇದ್ದಲ್ಲಿ ‘ಮಕ್ಕಳು’ ಮಾಡಿ ಮಾಡಿ ಕಣ್ಣು ಸೋತಿತ್ತು. ತಿದ್ದಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಒಂದು ತಪ್ಪು ಉಳಿದರೆ ಮಾತ್ರ ಊರಿಗೆಲ್ಲ ಕಣ್ಣು ಬರುತ್ತಿತ್ತು. “ಓದೋರಿಗೆ ಅರ್ಥ ಆದ್ರೆ ಸಾಕಲ್ವಾ ಮೇಡಂ?” ಎಂದು ಮಾಲೀಕ ದಿನಕ್ಕೊಮ್ಮೆ ಗೊಣಗುತ್ತಿದ್ದ. ಮನೆಗೆ ಹೋದರೆ ಗಂಡನದು ಇನ್ನೊಂದು ರಾಗ: “ನನ್ನ ಮಾತಿಗೂ ಗೀಟು ಹಾಕ್ಬೇಡ ಕಣೆ.”

ಒಂದು ಸೋಮವಾರ ಹೊಸ ಹೊಲಿಗೆ ಅಂಗಡಿಯ ಬೋರ್ಡು, ಕರಪತ್ರಗಳ ಕರಡು ಬಂತು. ಅಕ್ಕತಂಗಿಯರಿಬ್ಬರು ತೆರೆಯುತ್ತಿದ್ದ ಅಂಗಡಿ. ಮೇಲೆ ದಪ್ಪಕ್ಷರದಲ್ಲಿ ‘ಅಕ್ಕಗಳು’ ಎಂದಿತ್ತು. ಆಕೆಗೆ ಮೈಯೆಲ್ಲ ಉರಿಯಿತು. ಅಕ್ಕ ಎಂದರೇನು ಕುರ್ಚಿಯೇ, ಕತ್ತರಿಯೇ, ‘ಗಳು’ ಅಂಟಿಸಲು? ಯಾರನ್ನೂ ಕೇಳದೆ ‘ಅಕ್ಕಂದಿರು’ ಎಂದು ತಿದ್ದಿದಳು. ಎಲ್ಲವೂ ಹಾಗೆಯೇ ಅಚ್ಚಾದವು.

ಗುರುವಾರ ಇಬ್ಬರೂ ಬಂದರು. ಜೊತೆಗೆ ಮೂವತ್ತರ ಆಸುಪಾಸಿನ ತಮ್ಮ. ಆಳೆತ್ತರ ಬೆಳೆದಿದ್ದರೂ ಮಾತು ನಾಲ್ಕೇ ನಾಲ್ಕು ಬರುತ್ತಿದ್ದವು. ಅವನು ಬೋರ್ಡಿನ ಅಕ್ಷರಗಳ ಮೇಲೆ ಬೆರಳಾಡಿಸಿ, “ಅಲ್ಲ” ಎಂದು ತಲೆಯಲ್ಲಾಡಿಸಿದ.

“ಇದನ್ನ ಬದಲಾಯಿಸಿದ್ದು ಯಾರು?” ದೊಡ್ಡವಳು ಕೇಳಿದಳು.

“ನಾನೇ. ‘ಅಕ್ಕಗಳು’ ಅನ್ನೋದು ತಪ್ಪು ಕಣಮ್ಮ.”

“ನಾವೂ ಶಾಲೆಗೆ ಹೋದೋರೇ. ಇವನು ನಮ್ಮಿಬ್ಬರನ್ನ ಕರೆಯೋದೇ ಹಾಗೆ. ಓದೋಕೆ ಕಲಿತಿರೋದೂ ಅದೊಂದೇ ಪದ. ಇವನಿಗೆ ಅಂಗಡಿ ಗುರುತು ಸಿಗ್ಲಿ ಅಂತ ಅದನ್ನೇ ಇಟ್ವಿ. ನಾವಿಟ್ಟ ಹೆಸರನ್ನ ತಿದ್ದೋಕೆ ನೀವ್ಯಾರು?”

ಆಕೆ ಬೋರ್ಡನ್ನು ತನ್ನತ್ತ ಎಳೆದುಕೊಂಡಳು. ಅಂಕಿತನಾಮ ಇಟ್ಟವರ ಸ್ವತ್ತು, ರೂಢನಾಮದಂತೆ ಅದನ್ನು ಎಳೆದಾಡಬಾರದು ಎಂದು ತಾನೇ ಎಷ್ಟು ಜನಕ್ಕೆ ಹೇಳಿಕೊಟ್ಟಿರಲಿಲ್ಲ! “ತಪ್ಪಾಯ್ತಮ್ಮ,” ಎಂದಳು. ಎರಡು ದಿನ ಮಾಲೀಕನ ಬೈಗುಳ ಕೇಳುತ್ತಲೇ ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಿದಳು. ಶನಿವಾರ ತಮ್ಮ ಅಚ್ಚುಮನೆಗೆಲ್ಲ ಕೇಳುವಂತೆ “ಅಕ್ಕಗಳು!” ಎಂದು ಓದಿದಾಗ ಎದೆಯ ಭಾರ ತುಸು ಇಳಿಯಿತು.

ಅದೂ ಸೋಮವಾರದವರೆಗೆ. ಹೊಸ ಕರಡಿನಲ್ಲಿ ‘ಗ್ರಾಹಕರುಗಳಿಗೆ’ ಎಂದಿತ್ತು. ಪೆನ್ನು ಎತ್ತುವಷ್ಟರಲ್ಲಿ ಮಾಲೀಕ, “ಬಿಡಿ ಮೇಡಂ, ಅದೂ ಯಾರದೋ ಹೆಸರಿರಬಹುದು. ಇನ್ಮೇಲೆ ಗಿರಾಕೀನ ಕೇಳದೆ ಒಂದು ಒತ್ತಕ್ಷರಾನೂ ಮುಟ್ಟಬೇಡಿ,” ಎಂದ.

ಹಲ್ಲು ಕಚ್ಚಿಕೊಂಡು ಗಿರಾಕಿಗೆ ಫೋನ್ ಮಾಡಿದಳು.

“ಇರ್ಲಿ ಬಿಡಿ,” ಎಂದನಾತ. “‘ಗಳು’ ಇದ್ರೆ ಇನ್ನೂ ಜಾಸ್ತಿ ಜನ ಬಂದ ಹಾಗಾಗುತ್ತೆ.”

ಆಕೆ ಕರಡನ್ನು ಹಾಗೆಯೇ ಅಚ್ಚಿಗೆ ಕಳಿಸಿದಳು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದಳು.